ಮೇಲ್ಹಲ್ಲು, ಕೆಳಹಲ್ಲುಗಳ ಕೂಡುವಿಕೆ

ದಂತವೈದ್ಯರು ಕೊಟ್ಟ ಚೀಟಿಯನ್ನು ಹಿಡಿದು, ‘ಓವರ್‌ಜೆಟ್, ಓವರ್‌ಬೈಟ್ ಎಂದರೇನು?’ ಎಂದು ಭಕ್ತರು ನಮ್ಮನ್ನು ಕೇಳುವುದುಂಟು. ಹಲ್ಲು ಕಚ್ಚಿದಾಗ ಮೇಲಿನ ಬಾಚಿಹಲ್ಲುಗಳು ಕೆಳಗಿನವುಗಳಿಗಿಂತ ಎಷ್ಟು ಮುಂದೆ ಚಾಚಿವೆಯೆಂಬ ಅಳತೆ ಓವರ್‌ಜೆಟ್. ಕೆಳಗಿನವುಗಳನ್ನು ಎಷ್ಟು ಮರೆಮಾಡುತ್ತವೆಯೆಂಬುದು ಓವರ್‌ಬೈಟ್. ಎರಡೂ 2ರಿಂದ 3 ಮಿಲಿಮೀಟರ್ ಇರುವುದು ಸಹಜವೇ. ಪದವನ್ನು ಕಂಡ ಮಾತ್ರಕ್ಕೆ ಗಾಬರಿ ಬೇಡ. ಮುಂದಿನ ಹಲ್ಲುಗಳು ಕೂಡದೆ ಸಂದು ಉಳಿದರೆ ಓಪನ್ ಬೈಟ್. ಮೇಲ್ಹಲ್ಲು ಕೆಳಹಲ್ಲಿನ ಒಳಬದಿಗೆ ಕುಳಿತರೆ ಕ್ರಾಸ್ ಬೈಟ್.

ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಹಲ್ಲುಗಳು ವಿಕಾರವಾಗಿ ಮೂಡುವುದನ್ನು ‘ಕರಾಲ’ವೆಂದು ದಂತರೋಗಗಳಲ್ಲಿ ಎಣಿಸಿದ್ದಾರೆ. ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್ 1899ರಲ್ಲಿ ವಕ್ರದಂತಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಅದಕ್ಕೆ ಆಧಾರ ಮೊದಲ ಶಾಶ್ವತ ದವಡೆಹಲ್ಲು. ಸುಮಾರು ಆರನೆಯ ವಯಸ್ಸಿನಲ್ಲಿ ಅದು ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಸದ್ದಿಲ್ಲದೆ ಮೂಡುತ್ತದೆ. ಇದೂ ಹಾಲುಹಲ್ಲೇ ಎಂದು ತಿಳಿದು, ಹುಳುಕಾದರೂ ಸುಮ್ಮನಿರುವ ತಾಯಿತಂದೆಯರನ್ನು ನಾವು ಬಹಳ ಕಂಡಿದ್ದೇವೆ. ಅದು ಹೋದರೆ ಮತ್ತೊಂದು ಹುಟ್ಟದು. ಹಿಂದಿನ ಹಲ್ಲು ಆ ತೆರವಿಗೆ ವಾಲಿ ಕೂಡುವಿಕೆಯೇ ಕೆಡುತ್ತದೆ.

ನಮ್ಮ ಗಂಡೂಷ, ಕಷಾಯಗಳು ಒಸಡಿಗೆ ಹಿತವೇ ಹೊರತು ವಕ್ರದಂತವನ್ನು ನೇರಗೊಳಿಸಲಾರವು. ಬೆರಳು ಚೀಪುವ ಮಗುವಿಗೆ ಶಾಶ್ವತ ಬಾಚಿಹಲ್ಲು ಬರುವ ಮುನ್ನವೇ ಆ ಚಟವನ್ನು ಬಿಡಿಸಿರಿ. ಹೆಣ್ಣುಮಗಳ ಹಲ್ಲನ್ನು ಮದುವೆಯ ಮಾತು ಬಂದಾಗ ನೋಡಿದರಾಯಿತು ಎನ್ನದೆ, ದವಡೆ ಬೆಳೆಯುತ್ತಿರುವಾಗಲೇ ದಂತವೈದ್ಯರಿಗೆ ತೋರಿಸಿರಿ.