ಕುರ್ಚಿ ಬಂತು, ಮಾತೂ ಬರಬೇಡವೇ?

ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೋಗಿ ಬಂದ ಸೋದರಿಯರಿಗೆ ಗೊತ್ತು, ಕೋಟಿಲಿಂಗೇಶ್ವರನ ತೇರು ವರ್ಷ ವರ್ಷವೂ ಅದೇ ಬೀದಿಯಲ್ಲಿ ಸಾಗುತ್ತದೆ. ಆದರೆ ತೇರು ನೋಡಲು ಬರುವ ಹೆಂಗಸಿನ ಬದುಕು ಐವತ್ತು ವರ್ಷಗಳಲ್ಲಿ ಎಷ್ಟೊಂದು ಬದಲಾಗಿದೆ! ಅಜ್ಜಿ ಗೇಣಿ ಗದ್ದೆಯಲ್ಲಿ ನಟ್ಟಿ ಮಾಡಿದವಳು, ಮಗಳು ಬೀಡಿ ಕಟ್ಟಿದವಳು, ಮೊಮ್ಮಗಳು ಬ್ಯಾಂಕಿನಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿದ್ದಾಳೆ. ಇದಕ್ಕೂ ರಾಜಕೀಯಕ್ಕೂ ನಂಟಿದೆ ಎಂದರೆ ನಂಬುತ್ತೀರಾ?

ಮೊದಲು ಗೇಣಿಯ ಮಾತು. ಧಣಿಗಳಿಗೆ ಇಷ್ಟು ಮುಡಿ ಅಕ್ಕಿ ಎಂದು ಅಳೆದುಕೊಟ್ಟ ಮೇಲೆ ಉಳಿದದ್ದೇ ಒಕ್ಕಲಿನ ಮನೆಯ ಗಂಜಿ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಈ ಲೆಕ್ಕವನ್ನೇ ಬದಲಿಸಿತು. ಗೇಣಿದಾರರು ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯ ಮುಂದೆ ನಿಂತು, ಉತ್ತ ನೆಲಕ್ಕೆ ಒಡೆಯರಾದರು. ಆದರೆ ನಟ್ಟಿ, ಕಳೆ, ಕೊಯ್ಲು ಎಂದು ಬೆನ್ನು ಬಗ್ಗಿಸಿದ ಹೆಂಗಸಿನ ಹೆಸರು ಆರ್.ಟಿ.ಸಿ.ಯಲ್ಲಿ ಬಂದದ್ದು ಕಡಿಮೆ.

ಹೆಸರೊಂದೇ ಬಂದರೂ ಸಾಲದೆನ್ನಿ. ನಮ್ಮದು ಅಳಿಯಸಂತಾನದ ಸೀಮೆ. ಆ ಕಟ್ಟಿನ ಮನೆತನಗಳಲ್ಲಿ ವಂಶ ಎಣಿಸುವುದು ಹೆಣ್ಣಿನ ಕಡೆಯಿಂದ. ಆದರೂ ಮನೆಯ ಯಜಮಾನಿಕೆ ಹೆಚ್ಚಾಗಿ ಸೋದರಮಾವನದ್ದೇ! ಹೆಸರು ಇವಳದು, ಮಾತು ಅವರದು.

ಪಂಚಾಯತಿಯಲ್ಲೂ ಇದೇ ಕತೆಯಾಗಬೇಕೆ? ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದ ಕಾಲದಲ್ಲಿ, 1983ರ ಕಾನೂನು ಮಂಡಲ ಪಂಚಾಯತಿಗಳಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ದೇಶದ ಪಂಚಾಯತಿಗಳಲ್ಲಿ ಮೂರನೇ ಒಂದು ಪಾಲು ಹೆಂಗಸರಿಗೆಂಬ ಸಂವಿಧಾನ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ನಾವು ಅದಕ್ಕಿಂತ ಮುಂದಿದ್ದೆವು! 2010ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಆ ಪಾಲು ಅರ್ಧಕ್ಕೇರಿತು.

ಆದರೆ ಗೆದ್ದ ಸದಸ್ಯೆಯನ್ನು ಏನಾದರೂ ಕೇಳಿ, "ನಂಗ್ ಗೊತ್ತಿಲ್ಲೆ, ಅವ್ರ ಹತ್ರ ಕೇಣಿ" ಎಂದು ಗಂಡನನ್ನು ತೋರಿಸುವುದು ಎಷ್ಟೋ ಕಡೆ ಇದೆ. ನಷ್ಟ ಯಾರಿಗೆ? ನಳ್ಳಿ ನಿಂತರೆ ಕೊಡ ಹೊರುವುದು ನಾವು. ಬೀದಿ ದೀಪ ಕೆಟ್ಟರೆ ಮಗಳು ಬರುವವರೆಗೆ ಜಗಲಿಯಲ್ಲಿ ಕಾಯುವುದು ನಾವು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ, ಸರಿ. ಖಾಸಗಿ ಬಸ್ಸುಗಳದ್ದೇ ಕಾರುಬಾರಾದ ನಮ್ಮ ಕರಾವಳಿಯಲ್ಲಿ ಆ ಸರ್ಕಾರಿ ಬಸ್ಸು ಎಲ್ಲಿದೆ ಎಂದು ಕೇಳುವವರಾರು?

ದೂರದ ಆರ್ಮೇನಿಯಾ ದೇಶದ ಸುದ್ದಿ ಕೇಳಿ. 2018ರ ಏಪ್ರಿಲ್‌ನಲ್ಲಿ ಅಲ್ಲಿನ ಜನ ಪ್ರಧಾನಿ ಬೇಡವೆಂದು ಬೀದಿಗಿಳಿದಾಗ, ಮನೆಯಲ್ಲಿದ್ದವರು ರಾತ್ರಿ ಕಿಟಕಿಯಲ್ಲಿ ನಿಂತು ಪಾತ್ರೆ ಬಡಿದರಂತೆ. ಏಪ್ರಿಲ್ 23ಕ್ಕೆ ಪ್ರಧಾನಿ ರಾಜೀನಾಮೆ ಕೊಟ್ಟರು. ಅಡಿಗೆಮನೆಯ ಸದ್ದಿಗೂ ಬೆಲೆಯಿದೆ!

ನಾವು ಪಾತ್ರೆ ಬಡಿಯಬೇಕಾಗಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು ಎಂದು ಕಾನೂನಿದೆ. ಒಬ್ಬಳೇ ಹೋಗಲು ಸಂಕೋಚವೇ? ಸಂಘದ ನಾಲ್ಕು ಜನ ಕೂಡಿ ಹೋಗಿ. ದೂರನ್ನು ಕಾಗದದಲ್ಲಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ನೀವೇ ಸದಸ್ಯೆಯಾದರೆ ನಡಾವಳಿ ಪುಸ್ತಕ ಓದದೆ ಸಹಿ ಹಾಕಬೇಡಿ. ಗಂಡನ ಸಲಹೆ ಕೇಳಿದರೆ ತಪ್ಪೇನೂ ಇಲ್ಲ, ಕುರ್ಚಿಯಲ್ಲಿ ಕೂತು ಮಾತಾಡುವವರು ಮಾತ್ರ ನೀವೇ ಆಗಿರಿ.

"ನಮ್ಗೆಂತಕ್ಕೆ ಮಾರಾಯ್ತಿ ಈ ರಾಜಕೀಯ?" ಎನ್ನುವ ನೆರೆಮನೆಯಾಕೆಯನ್ನೂ ಮುಂದಿನ ಗ್ರಾಮಸಭೆಗೆ ಕರೆದುಕೊಂಡು ಹೋಗಿ. ಅವಳ ಬಾವಿಯ ನೀರೂ ಉಪ್ಪಾಗಿರಬಹುದು. ಹೇಳಲು ಅವಳಿಗೂ ಒಂದು ಮಾತಿರುತ್ತದೆ.