ಅಂಬಲಿಯೋ, ಪುಡಿಯೋ?

ಪ್ರಶ್ನೆ: ಮಗುವಿಗೆ ಭೇದಿಯಾದಾಗ ಡಾಕ್ಟರು ಸಿನ್‌ಬಯಾಟಿಕ್ ಪುಡಿ ಬರೆದುಕೊಟ್ಟರು. ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಸಾಲದೇ?
— ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಸಿನ್‌ಬಯಾಟಿಕ್ ಎಂದರೆ ಒಳ್ಳೆಯ ಬ್ಯಾಕ್ಟೀರಿಯಾ ಮತ್ತು ಅವುಗಳ ಬುತ್ತಿ, ಎರಡೂ ಒಟ್ಟಿಗೆ. ಮಜ್ಜಿಗೆಯಲ್ಲಿ ಬ್ಯಾಕ್ಟೀರಿಯಾ, ರಾಗಿಯಲ್ಲಿ ನಾರು; ಕೆಜಿಎಫ್, ಬಂಗಾರಪೇಟೆ ಕಡೆಯ ಅಂಬಲಿಯೂ ಅದರ ಹತ್ತಿರದ ನೆಂಟನೇ. ಆದರೆ ಯಾವ ತಳಿ, ಎಷ್ಟು ಪ್ರಮಾಣ ಎಂಬ ಲೆಕ್ಕ ಅದರಲ್ಲಿಲ್ಲ. ಮಜ್ಜಿಗೆ ಹಾಕಿದ ಮೇಲೆ ಕುದಿಸಿದರಂತೂ ಅವು ಸತ್ತೇ ಹೋಗುತ್ತವೆ.

ತಳಿಯ ಲೆಕ್ಕ ಸಣ್ಣದಲ್ಲ. ಒಡಿಶಾದ ಹಳ್ಳಿಗಳ 4,556 ನವಜಾತ ಶಿಶುಗಳ ಅಧ್ಯಯನ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಿಶುಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಮತ್ತು ಅದರ ಆಹಾರವಾದ ಒಂದು ಬಗೆಯ ಸಕ್ಕರೆಯನ್ನು 7 ದಿನ ಕೊಟ್ಟಿದ್ದರು. ನಂಜು ಇಲ್ಲವೇ ಸಾವಿನ ಪ್ರಮಾಣ ಶೇ 9ರಿಂದ ಶೇ 5.4ಕ್ಕೆ ಇಳಿಯಿತು. ಹಾಗೆಂದು ಔಷಧಿ ಅಂಗಡಿಯ ಪ್ರತಿ ಪುಡಿಗೂ ಆ ಕೀರ್ತಿ ಸಲ್ಲದು. ಅದು ನಂಜಿನ ಪರೀಕ್ಷೆ, ನಿಮ್ಮ ಮಗುವಿನದು ಭೇದಿ.

ಭೇದಿಗೆ ಮೊದಲು ಓಆರ್‌ಎಸ್, ಜೊತೆಗೆ ಡಾಕ್ಟರು ಹೇಳಿದಷ್ಟು ದಿನ ಸತು. ಪುಡಿ ಆಮೇಲಿನ ಮಾತು. ಮಲದಲ್ಲಿ ರಕ್ತ, ಮಂಪರು ಕಂಡರೆ, ಮೂತ್ರ ಕಡಿಮೆಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಅಂಬಲಿ, ಆರು ತಿಂಗಳು ದಾಟಿದ ಮಗುವಿಗೆ, ಧಾರಾಳವಾಗಿ ಕೊಡಿ. ನಿಮ್ಮೂರಿನ ಹೆಸರಾಂತ ಪಾನಿಪುರಿ ಮಾತ್ರ ಆ ವಾರ ಬೇಡ!