ಅಜ್ಜನ ಕೋವಿ: ರಿಪೇರಿ ಮಾಡಿಸಿ ಮಾರಬೇಕೆ?

ಮಲೆನಾಡು, ಕೊಡಗಿನ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇರುವುದುಂಟು. ಮರದ ಹಿಡಿ ಬಿರುಕು ಬಿಟ್ಟಿದೆ, ನಳಿಗೆಗೆ ತುಕ್ಕು ಹತ್ತಿದೆ. ರಿಪೇರಿ ಮಾಡಿಸಿದರೆ ನಾಲ್ಕು ಕಾಸು ಹೆಚ್ಚು ಬಂದೀತೆಂದು ನಿಮಗೆ ಅನಿಸಬಹುದು. ಆತುರ ಬೇಡ.

ಹಳೆಯ ಕೋವಿ ಸಂಗ್ರಹಿಸುವವರು ಬೆಲೆ ಕೊಡುವುದು ಹೊಳಪಿಗಲ್ಲ, ಮೂಲ ರೂಪಕ್ಕೆ. ಉಪ್ಪುಕಾಗದದಿಂದ ತಿಕ್ಕಿದರೆ ತಯಾರಕರ ಹೆಸರು, ಮುದ್ರೆಗಳು ಅಳಿಸಿಹೋಗುತ್ತವೆ. ಹೊಸ ಹಿಡಿ ಹಾಕಿಸಿದರೂ ಬೆಲೆ ಇಳಿಯುತ್ತದೆ. ತುಕ್ಕು ಹರಡದಂತೆ ತೆಳುವಾಗಿ ಎಣ್ಣೆ ಸವರಿ, ಮುರಿದ ಚೂರುಗಳನ್ನು ಕಟ್ಟಿಡಿ. ಅಷ್ಟು ಸಾಕು.

ನಳಿಗೆಯಲ್ಲಿ ಹಳೆಯ ಮದ್ದು ಉಳಿದಿರಬಹುದು. ಬಾಯಿಯನ್ನು ಯಾರತ್ತಲೂ ತಿರುಗಿಸಬೇಡಿ, ಒಲೆಯ ಬಳಿ ಇಡಬೇಡಿ. ಪರೀಕ್ಷೆಗೆಂದು ಹಾರಿಸಲೇಬೇಡಿ, ಸವೆದ ನಳಿಗೆ ಸಿಡಿದರೆ ಕೈ ಹೋದೀತು.

ಕೊಳ್ಳುವವರನ್ನು ಎರಡು ಬೆಲೆ ಕೇಳಿ: ಇದ್ದ ಹಾಗೆ ಎಷ್ಟು, ರಿಪೇರಿಯಾದರೆ ಎಷ್ಟು? ಆ ವ್ಯತ್ಯಾಸ ರಿಪೇರಿ ಖರ್ಚಿಗಿಂತ ಹೆಚ್ಚಿದ್ದರೆ ಮಾತ್ರ ಮುಂದುವರಿಯಿರಿ. ಆಗಲೂ ಊರ ಕಮ್ಮಾರನ ಕುಲುಮೆಗೆ ಒಯ್ಯಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕೋವಿ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು.

ಲೈಸೆನ್ಸೋ ವಿನಾಯಿತಿ ಪತ್ರವೋ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಮಾರುವ ಮುನ್ನ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರೆದು ತಿಳಿಸಿ, 45 ದಿನ ಕಾಯಬೇಕು. ಕೊಳ್ಳುವವರಿಗೂ ಕೋವಿ ಇಟ್ಟುಕೊಳ್ಳುವ ಹಕ್ಕಿರಬೇಕು. ರಿಪೇರಿ ಮಾಡಿದರೂ ಹಾರದಂಥ ಹಳೆಯ ಕೋವಿಗೆ ಈ ಕಾಯ್ದೆ ಅನ್ವಯಿಸದು. ಆದರೆ ಅದನ್ನು ನೀವೇ ತೀರ್ಮಾನಿಸದೆ ಠಾಣೆಯಲ್ಲಿ ವಿಚಾರಿಸಿ.

ಕಾಗದಪತ್ರ ಮೊದಲು, ಬೆಲೆ ಆಮೇಲೆ, ರಿಪೇರಿ ಕಟ್ಟಕಡೆಗೆ.